ನಿಮಗಿದು ಗೊತ್ತೇ? ಗ್ರಹಣ ನೋಡಲು ಅಡುಗೆಮನೆಯ ಜರಡಿ ಸಾಕು!

2019ರ ಡಿಸೆಂಬರ್ 26, ಗುರುವಾರ. ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯನ ಸುಮಾರು ಶೇ 90 ಭಾಗ ಮರೆಯಾಗಿತ್ತು. ಆದರೂ ರಾಜಾಜಿನಗರದಲ್ಲಿ ಕತ್ತಲಾಗಲಿಲ್ಲ, ಬಿಸಿಲು ಮಂಕಾಯಿತು ಅಷ್ಟೇ. ಸೂರ್ಯನ ನೂರರಲ್ಲಿ ಒಂದೇ ಪಾಲು ಉಳಿದರೂ ಅದರ ಬೆಳಕು ಹುಣ್ಣಿಮೆ ಚಂದ್ರನ ಸುಮಾರು 4,000 ಪಟ್ಟು!

ಬರಿಗಣ್ಣಲ್ಲಿ ಸೂರ್ಯನನ್ನು ನೋಡಿದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲ ಸುಡಬಹುದು. ಆದರೆ ನೋವೇ ಆಗುವುದಿಲ್ಲ! ನೋವು ತಿಳಿಸುವ ನರಗಳು ಅಲ್ಲಿಲ್ಲ. ದೃಷ್ಟಿ ಮಸುಕಾಗಿದ್ದು ಗೊತ್ತಾಗುವುದು ಎಷ್ಟೋ ಗಂಟೆಗಳ ಮೇಲೆ.

ಅರಿಶಿನದ ನೀರಲ್ಲಿ ಬಿಂಬ ನೋಡಿದರಾಯಿತು ಅಂದುಕೊಂಡಿರಾ? ಬೇಡವೇ ಬೇಡ. ಸೂರ್ಯ ನೆತ್ತಿಯ ಮೇಲಿದ್ದಾಗಲೂ ನೀರು ಶೇ 2ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಒಳ್ಳೆಯ ಗ್ರಹಣ ಕನ್ನಡಕ ಒಳಗೆ ಬಿಡುವುದು ಲಕ್ಷದಲ್ಲಿ ಮೂರೇ ಪಾಲು. ನೀರಿನ ಬಿಂಬ ಅದಕ್ಕಿಂತ 600ಕ್ಕೂ ಹೆಚ್ಚು ಪಟ್ಟು ಪ್ರಖರ!

ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಿಂದ ವೆಲ್ಡಿಂಗ್ ಗ್ಲಾಸ್ ತರುತ್ತೀರಾ? ಮೊದಲು ನಂಬರ್ ನೋಡಿ. 14 ಇರಲೇಬೇಕು. ಮಾಮೂಲಿ ವೆಲ್ಡಿಂಗಿನ 10, 11 ಸಾಲದು. ಎಕ್ಸ್‌ರೇ ಫಿಲ್ಮ್, ಕೂಲಿಂಗ್ ಗ್ಲಾಸ್, ಮಸಿ ಹಿಡಿಸಿದ ಗಾಜು ಮೂರನ್ನೂ ಮರೆತುಬಿಡಿ.

ಇನ್ನು ಅಸಲಿ ಮಜಾ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಸಿಲಿಗೆ ಜರಡಿ ಹಿಡಿಯಿರಿ. ನೆರಳು ಬಿಳಿ ಹಾಳೆಯ ಮೇಲೆ ಬೀಳಲಿ. ಒಂದೊಂದು ತೂತಿಗೂ ಒಂದೊಂದು ಕಚ್ಚಿದ ಸೂರ್ಯ! ಜರಡಿಯೂ ಬೇಡವೇ? ಎರಡು ಕೈಯ ಬೆರಳುಗಳನ್ನು ಅಡ್ಡಡ್ಡ ಇಟ್ಟು ಸಂದಿಗಳಿಂದ ಬೆಳಕು ಬಿಡಿ. ಅದೇ ಚಮತ್ಕಾರ.

ಬಸವೇಶ್ವರನಗರದ ಸಾಲುಮರಗಳ ಕೆಳಗೂ ಹೋಗಿ ನೋಡಿ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ಫುಟ್‌ಪಾತಿನ ಮೇಲೆ ಕುಡುಗೋಲಿನಂತೆ ಬಾಗಿರುತ್ತವೆ! ಮಾಮೂಲಿ ದಿನ ಆ ಚುಕ್ಕಿಗಳು ದುಂಡಗೆ ಕಾಣುವುದೂ ಸೂರ್ಯ ದುಂಡಗಿರುವುದರಿಂದಲೇ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸು ಕನ್ನಡಿಯದು. ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ಮಧ್ಯೆ ಅರ್ಧ ಸೆಂಟಿಮೀಟರಿನ ಚೌಕ ಕತ್ತರಿಸಿ. ಬಾಲ್ಕನಿಯಿಂದ ಬೆಳಕನ್ನು ಕತ್ತಲೆ ಮಾಡಿದ ಹಾಲ್‌ನೊಳಕ್ಕೆ ಹಾಯಿಸಿ. ಗೋಡೆ 5 ಮೀಟರ್ ದೂರವಿದ್ದರೆ ಸುಮಾರು 5 ಸೆಂಟಿಮೀಟರ್ ಅಗಲದ ಸೂರ್ಯ ಮೂಡುತ್ತಾನೆ. ತೂತು ಚೌಕ, ಬಿಂಬ ಮಾತ್ರ ದುಂಡು! ಗ್ರಹಣದ ದಿನ ಅದೇ ಬಿಂಬದಲ್ಲಿ ಚಂದ್ರ ಕಚ್ಚಿದ ಗುರುತು. ಅಜ್ಜಿ ಸೋಫಾದಲ್ಲೇ ಕೂತು ನೋಡಬಹುದು. ಮಕ್ಕಳು ಕನ್ನಡಿಯೊಳಗೆ ಇಣುಕದಂತೆ ಮಾತ್ರ ನೋಡಿಕೊಳ್ಳಿ.

ಗ್ರಹಣದ ಹೊತ್ತು ತಟ್ಟೆಯ ನೀರಲ್ಲಿ ಒನಕೆ ನಿಲ್ಲುತ್ತದಂತೆ. ನಿಜ, ನಿಲ್ಲುತ್ತದೆ. ಅಡಿ ಸಮವಾಗಿದ್ದರೆ ನಾಳೆಯೂ ನಿಲ್ಲುತ್ತದೆ!

ಹೀಲಿಯಂಗೆ ಹೆಸರಿಟ್ಟ ವಿಜ್ಞಾನಿ ನಾರ್ಮನ್ ಲಾಕ್ಯರ್ ಗ್ರಹಣ ನೋಡಲು ಇಂಗ್ಲೆಂಡಿನಿಂದ ಎಲ್ಲಿಗೆ ಬಂದಿದ್ದರು ಗೊತ್ತೇ? ನಮ್ಮ ಕಾಸರಗೋಡಿನ ಬೇಕಲ ಕೋಟೆಗೆ! ಅದು 1871ರ ಡಿಸೆಂಬರ್ 12, ಪೂರ್ಣ ಗ್ರಹಣ. 148 ವರ್ಷಗಳ ಮೇಲೆ, 2019ರಲ್ಲಿ, ಅದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಬೆಂಕಿಯ ಬಳೆಯಂಥ ಕಂಕಣ ಗ್ರಹಣ!

2022ರ ಅಕ್ಟೋಬರ್ 25ರಂದು, ದೀಪಾವಳಿಯ ನಡುವೆಯೇ, ಬೆಂಗಳೂರಿನ ಸೂರ್ಯ ಗ್ರಹಣ ಬಿಡುವ ಮೊದಲೇ ಮುಳುಗಿದ.

ಬೆಂಗಳೂರಿಗೆ ಮುಂದಿನದು 2027ರ ಆಗಸ್ಟ್ 2, ಸೋಮವಾರ. ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ತಿ ಕತ್ತಲು. ನಮಗೆ ಪಾರ್ಶ್ವ ಗ್ರಹಣ, ಅದೂ ಸೂರ್ಯ ಪಶ್ಚಿಮಕ್ಕೆ ವಾಲಿದ ಮೇಲೆ. ಆಗಸ್ಟಿನ ಮೋಡ ದಾರಿ ಬಿಡಬೇಕು. ವಿಜಯನಗರ, ಕೆಂಗೇರಿಯ ಪಶ್ಚಿಮ ಬಾಲ್ಕನಿಯವರೇ, ಆ ಕನ್ನಡಿಯನ್ನು ಈಗಲೇ ಎತ್ತಿಡಿ!