ಕ್ಲಾರಿಯೊನೆಟ್ಟಿನ ನಾದವೂ ಮರವೂ

ಕ್ಲಾರಿಯೊನೆಟ್ ಕಲಿಯಹೊರಟ ಮಗುವಿಗೆ ಪ್ಲಾಸ್ಟಿಕ್ಕಿನ ವಾದ್ಯವನ್ನು ಕೊಡಿಸಿದರೆ ನಾದಕ್ಕೆ ಊನವಾದೀತೇ ಎಂದು ತಂದೆತಾಯಿಗಳು ನನ್ನನ್ನು ಕೇಳುವುದುಂಟು. ಮರದ ವಾದ್ಯದ ಬೆಲೆ ಹಲವು ಪಟ್ಟು ಹೆಚ್ಚು. ಮರದಲ್ಲಿ ಜೀವವಿದೆ, ಪ್ಲಾಸ್ಟಿಕ್ಕಿನಲ್ಲಿಲ್ಲ ಎಂಬ ನಂಬಿಕೆಯಂತೂ ವಾದಕರಲ್ಲಿ ಬಲವಾಗಿದೆ.

ವೀಣೆಯ ಮಟ್ಟಿಗೆ ಈ ನಂಬಿಕೆ ಸರಿಯೆ. ಅಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ಹಲಸಿನ ಕೊಡಕ್ಕಿಳಿದು, ಆ ಮರವೇ ನಡುಗಿ ಸುತ್ತಲ ಗಾಳಿಗೆ ನಾದವನ್ನು ಹಂಚುತ್ತದೆ. ಕ್ಲಾರಿಯೊನೆಟ್ಟಿನ ಕ್ರಮ ಬೇರೆ. ತುದಿಯಲ್ಲಿ ಕೂದಲೆಳೆಯಷ್ಟು ತೆಳುವಾದ ರೀಡು ಎಂಬ ಜೊಂಡಿನ ಪಟ್ಟಿ ತೆರೆದು ಮುಚ್ಚುತ್ತ ಉಸಿರನ್ನು ಬಿಡಿಬಿಡಿಯಾಗಿ ಒಳಬಿಡುತ್ತದೆ. ಸುಮಾರು 15 ಮಿಲಿಮೀಟರ್ ವ್ಯಾಸದ ಕೊಳವೆಯೊಳಗಿನ ಗಾಳಿ ಅದಕ್ಕೆ ಓಗೊಡುತ್ತದೆ. ಗೋಡೆ ನಡುಗುವುದನ್ನು ಬೆರಳು ಬಲ್ಲುದು. ಆದರೆ ಆ ನಡುಕ ಹೊರಸೂಸುವ ಧ್ವನಿ ಅತ್ಯಲ್ಪ. ಬಾಯಿಗಿಡುವ ಭಾಗವೋ, ಉತ್ತಮವಾದ ಮರದ ವಾದ್ಯದಲ್ಲಿಯೂ ಸಾಮಾನ್ಯವಾಗಿ ಗಟ್ಟಿ ರಬ್ಬರಿನದು!

ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ ಕೊಳಲನ್ನು ಕುರಿತು ಇದೇ ಪ್ರಶ್ನೆಯನ್ನೆತ್ತಿ, ತಮ್ಮ ಪರೀಕ್ಷೆಯನ್ನು 1971ರಲ್ಲಿ ಪ್ರಕಟಿಸಿದರು. ಒಳ ಅಳತೆ ಒಂದೇ ಆದ ಮೂರು ಕೊಳಲುಗಳು: ಒಂದು ತೆಳು ಬೆಳ್ಳಿಯದು, ಒಂದು ದಪ್ಪ ತಾಮ್ರದ್ದು, ಇನ್ನೊಂದು ಮರದ್ದು. ಊದುವ ತುದಿ ಮಾತ್ರ ಮೂರಕ್ಕೂ ಒಂದೇ ವಸ್ತುವಿನದು. ಕಣ್ಣಿಗೆ ಕಾಣದಂತೆ ನುಡಿಸಿದಾಗ ನುರಿತ ಕೇಳುಗರಿಗೆ ಭೇದ ತಿಳಿಯಲಿಲ್ಲ. ತೂಕ, ಸ್ಪರ್ಶಗಳ ಸುಳಿವನ್ನು ತಪ್ಪಿಸಿದಾಗ ಊದಿದವರಿಗೂ ತಿಳಿಯಲಿಲ್ಲ.

ಹಾಗಾದರೆ ಅಂಗಡಿಯಲ್ಲಿ ಎರಡನ್ನೂ ಊದಿದಾಗ ಕಿವಿ ಗುರುತಿಸುವ ವ್ಯತ್ಯಾಸ ಭ್ರಮೆಯೇ? ನನಗೆ ಹಾಗೆನ್ನಿಸುವುದಿಲ್ಲ. ಬೆಲೆಯುಳ್ಳ ವಾದ್ಯದ ಒಳಕೊರೆತವನ್ನೂ ರಂಧ್ರಗಳ ಅಂಚನ್ನೂ ಕುಶಲಿಗಳು ಒಂದೊಂದಾಗಿ ತಿದ್ದಿರುತ್ತಾರೆ. ಅಂಚು ಚೂಪಾಗಿದೆಯೋ ದುಂಡಗಿದೆಯೋ ಎಂಬಷ್ಟರಿಂದಲೇ ಗಾಳಿಯ ನಡೆ ಬದಲಾಗುತ್ತದೆ. ಅಗ್ಗದ ಪ್ಲಾಸ್ಟಿಕ್ ವಾದ್ಯಕ್ಕೆ ಆ ಆರೈಕೆ ದೊರೆಯುವುದು ಅಪರೂಪ. ಕಿವಿ ಕೇಳಿದ್ದು ಆ ಕೈಕೆಲಸವನ್ನು. ಕೀರ್ತಿ ಸಂದದ್ದು ಮರಕ್ಕೆ.

ಆ ಮರಕ್ಕಾದರೂ ಇದರಿಂದ ಕ್ಷೇಮವಿಲ್ಲ. ನಮ್ಮ ಬೀಟೆಯ ದಾಯಾದಿಯಾದ ಆಫ್ರಿಕದ ಕರಿಮರ ಟಾಂಜಾನಿಯ, ಮೊಜಾಂಬಿಕ್‌ಗಳಿಂದ ಬರುತ್ತದೆ. ನೀರಿನಲ್ಲಿ ಮುಳುಗುವಷ್ಟು ಭಾರ. ಬಲಿಯಲು ಹಲವು ದಶಕಗಳು ಬೇಕು. ಅಷ್ಟಾಗಿಯೂ ಹವೆ ಒಣಗಿದರೆ ವಾದ್ಯ ಬಿರುಕು ಬಿಡುವುದುಂಟು. 2017ರಲ್ಲಿ ಇದರ ಕುಲದ ಮರಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಯಂತ್ರಣ ಬಂತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಇದಕ್ಕೆ ಎಷ್ಟೋ ಮೊದಲೇ, 1994ರಲ್ಲಿ, ಫ್ರಾನ್ಸಿನ ಬ್ಯುಫೆ ಕ್ರಾಂಪೋ ಸಂಸ್ಥೆ ಆ ಮರದ ಹುಡಿಯನ್ನೇ ಇಂಗಾಲದ ಎಳೆ, ಅಂಟುಗಳೊಡನೆ ಒತ್ತಿ ಕ್ಲಾರಿಯೊನೆಟ್ ಮಾಡತೊಡಗಿತ್ತು. ಅದನ್ನು ಮರವೆನ್ನಬೇಕೋ ಪ್ಲಾಸ್ಟಿಕ್ಕೆನ್ನಬೇಕೋ, ನಾನರಿಯೆ. ಮರದ ವಾದ್ಯದಷ್ಟೇ ಶ್ರದ್ಧೆಯಿಂದ ಅದನ್ನು ಕೊರೆಯುತ್ತಾರೆ.