ಊಟದ ಡಬ್ಬಿ ತುಂಬಿದ್ದು ಹಾಗೇ ವಾಪಸ್ ಬಂದರೆ: ಎ.ಡಿ.ಎಚ್.ಡಿ. ಇರುವ ಮೊಮ್ಮಕ್ಕಳ ಅಜ್ಜ-ಅಜ್ಜಿಯರಿಗೆ

ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದಿದ್ದೀರಿ. ಹದಿನಾಲ್ಕು ವರ್ಷದ ಮೊಮ್ಮಗನಿಗೆ ಬೆಳಿಗ್ಗೆ ನೀವು ಕಟ್ಟಿಕೊಟ್ಟ ಚಪಾತಿ ಸಂಜೆ ಹಾಗೇ ವಾಪಸ್ ಬರುತ್ತದೆ. ರಾತ್ರಿ ಹತ್ತು ಗಂಟೆಗೆ ಅದೇ ಹುಡುಗ ಫ್ರಿಜ್ ಮುಂದೆ ನಿಂತು ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಾನೆ. ಹೋಂವರ್ಕ್ ಮಾಡಿರುತ್ತಾನೆ, ಶಾಲೆಯಲ್ಲಿ ಕೊಡುವುದನ್ನು ಮರೆತಿರುತ್ತಾನೆ. "ಎಂಥ ಸೋಮಾರಿಯಪ್ಪ" ಎಂಬ ಮಾತು ನಾಲಿಗೆ ತುದಿಗೆ ಬಂದುಬಿಡುತ್ತದೆ. ಅವನಿಗೆ ಎ.ಡಿ.ಎಚ್.ಡಿ. ಇದೆ ಎಂದು ಡಾಕ್ಟರು ಹೇಳಿದ್ದರೆ, ಆ ಮಾತು ಆಡುವ ಮೊದಲು ಇದನ್ನು ಓದಿ.

ನೀವು ಮನೆ ಕಟ್ಟಿಸಿದ ದಿನಗಳನ್ನು ನೆನಪಿಸಿಕೊಳ್ಳಿ. ಗಾರೆಯವರು, ಬಡಗಿ, ಇಟ್ಟಿಗೆ, ಸಿಮೆಂಟು ಎಲ್ಲ ಇದೆ, ಮೇಸ್ತ್ರಿ ಮಾತ್ರ ಬಂದಿಲ್ಲ. ಆ ದಿನ ಕೆಲಸ ಸಾಗುವುದಿಲ್ಲ. ಮಿದುಳಿನಲ್ಲೂ ಇಂಥ ಮೇಸ್ತ್ರಿಗೆಲಸ ಒಂದಿದೆ: ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸುವುದು, ಹೇಳಿದ್ದನ್ನು ನೆನಪಿಡುವುದು, ಹೊತ್ತಿನ ಅಂದಾಜು ಇಟ್ಟುಕೊಳ್ಳುವುದು, ಆಸೆಯಾದಾಗ ತಡೆದುಕೊಳ್ಳುವುದು. ಡಾಕ್ಟರುಗಳು ಇದನ್ನು ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ಎ.ಡಿ.ಎಚ್.ಡಿ.ಯಲ್ಲಿ ಸೊರಗಿರುವುದು ಇದು, ಬುದ್ಧಿಯಲ್ಲ. 2007ರಲ್ಲಿ ಇಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಮಕ್ಕಳ ಮಿದುಳಿನ ಸ್ಕ್ಯಾನ್ ನೋಡಿದಾಗ, ಇಂಥ ಮಕ್ಕಳಲ್ಲಿ ಹೊರಪದರದ ಬೆಳವಣಿಗೆ ಸರಾಸರಿ 3 ವರ್ಷ ಹಿಂದಿತ್ತು. ಹೆಚ್ಚು ತಡವಾಗಿದ್ದುದು ಮುಂಭಾಗದಲ್ಲಿ, ಮೇಸ್ತ್ರಿ ಕೂರುವ ಜಾಗದಲ್ಲೇ. ಮೈ ಬೆಳೆದು ನಿಮ್ಮ ಎತ್ತರಕ್ಕೆ ಬಂದಿದೆ, ಮೇಸ್ತ್ರಿ ಇನ್ನೂ ದಾರಿಯಲ್ಲಿದ್ದಾನೆ.

ತೂಕಕ್ಕೂ ಇದಕ್ಕೂ ಏನು ಸಂಬಂಧ ಎನ್ನುತ್ತೀರಾ? ಬೆಳಿಗ್ಗೆ ತೆಗೆದುಕೊಳ್ಳುವ ಮಾತ್ರೆ ಅನೇಕ ಮಕ್ಕಳಲ್ಲಿ ಮಧ್ಯಾಹ್ನದ ಹಸಿವನ್ನೇ ಅಡಗಿಸುತ್ತದೆ. ಸಂಜೆ ಅದರ ಪ್ರಭಾವ ಇಳಿದಾಗ ಹಸಿವು ಒಟ್ಟಿಗೇ ಬಂದು ಮೇಲೆ ಬೀಳುತ್ತದೆ. ಮಾತ್ರೆ ತೆಗೆದುಕೊಳ್ಳದ ಮಕ್ಕಳೂ ಆಟದಲ್ಲೋ ಫೋನಿನಲ್ಲೋ ಮುಳುಗಿ ಊಟ ಮರೆತು, ಆಮೇಲೆ ಹಿಡಿತವಿಲ್ಲದೆ ತಿನ್ನುವುದುಂಟು. ನಿದ್ದೆಗೆಟ್ಟರೆ ಅದು ಇನ್ನೂ ಹೆಚ್ಚು. ಹಾಗಾಗಿ ಕೆಲವರು ಸೊರಗುತ್ತಾರೆ, ಕೆಲವರು ದಪ್ಪಗಾಗುತ್ತಾರೆ. ಬಾಯಿಚಪಲ ಎಂದು ತಳ್ಳಿಹಾಕುವ ವಿಷಯವಲ್ಲ.

ನೀವು ಮಾಡಬಹುದಾದದ್ದು ಬೇಕಾದಷ್ಟಿದೆ. ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿಂಡಿ ಕೊಡಿ: ಪೆಸರಟ್ಟು, ಕಡಲೆಬೀಜ ಹಾಕಿದ ಅವಲಕ್ಕಿ, ಒಂದು ಲೋಟ ಹಾಲು. ಡಬ್ಬಿಗೆ ಸ್ವಲ್ಪವೇ ಹಾಕಿ, ವಾಪಸ್ ಬಂದರೆ ಪ್ರಶ್ನಿಸಬೇಡಿ. ಶಾಲೆಯಿಂದ ಬಂದಾಗ ಬಿಸ್ಕತ್ತಿನ ಬದಲು ಊಟವನ್ನೇ ಬಡಿಸಿ. ರಾತ್ರಿ ಹಸಿದರೆ ಕೈಗೆ ಸಿಗುವಂತೆ ಮೊಸರನ್ನ ಇರಲಿ. ಮಾತ್ರೆ ನಿಲ್ಲಿಸು ಎಂದಾಗಲಿ, ಊರಿಂದ ತಂದ ಲೇಹ್ಯ ತಗೋ ಎಂದಾಗಲಿ ಹೇಳಬೇಡಿ. ತೂಕ, ಎತ್ತರ, ರಕ್ತದೊತ್ತಡ ನೋಡಿ ಮಾತ್ರೆ ಹೊಂದಿಸುವುದು ಡಾಕ್ಟರ ಕೆಲಸ.

ನಮ್ಮಲ್ಲಿ "ಏನೋ, ದಪ್ಪ ಆಗಿದ್ದೀಯಲ್ಲ" ಎನ್ನುವುದು ಪ್ರೀತಿಯ ಮಾತೇ, ನಿಜ. ಈ ಮಗು ಮಾತ್ರ ಶಾಲೆಯಲ್ಲಿ ದಿನವಿಡೀ "ಮರೆತೆ, ತಡ ಮಾಡಿದೆ, ಗಮನ ಎಲ್ಲಿದೆ" ಎಂದು ಕೇಳಿಸಿಕೊಂಡು ಮನೆಗೆ ಬಂದಿರುತ್ತದೆ. ತನ್ನ ಮೇಲೆ ತನಗೇ ನಂಬಿಕೆ ಕಡಿಮೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲೇ ಮನೆಯವರಿಗೆ ಹೇಳಿದೆ: ಹದಿಹರೆಯದವರ ಮುಂದೆ ತೂಕದ ಮಾತು, ತಮಾಷೆ ಬೇಡ, ಪಥ್ಯದ ಒತ್ತಾಯ ಬೇಡ, ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ. ಊರಿನವರ ಜೊತೆ ವಾಟ್ಸಾಪಿನಲ್ಲಿ ಮಾತಾಡುವಾಗಲೂ ಅಷ್ಟೇ. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ!

ಕೆಲಸ ಹೇಳುವಾಗ ಒಂದು ಸಲಕ್ಕೆ ಒಂದೇ ಹೇಳಿ. ಮಾಡಿದಾಗ ಅದನ್ನೇ ಹೆಸರಿಟ್ಟು ಹೊಗಳಿ: "ಕೇಳದೇ ತಟ್ಟೆ ತೊಳೆದಿಟ್ಟೆಯಲ್ಲ, ನೋಡಿದೆ." ಪಕ್ಕದ ಮನೆಯವರ ಮಗನ ಹೋಲಿಕೆ ಬೇಡ.

ಮಗು ಊಟ ಪೂರ್ತಿ ಬಿಟ್ಟರೆ, ತಿಂದದ್ದನ್ನು ಕದ್ದು ವಾಂತಿ ಮಾಡುತ್ತಿದ್ದರೆ, "ನಾನು ಇರಲೇಬಾರದು" ಎಂಬಂಥ ಮಾತಾಡಿದರೆ, ಗುಟ್ಟು ಕಾಪಾಡಬೇಡಿ, ಅಂದೇ ಅಪ್ಪ-ಅಮ್ಮನಿಗೆ ತಿಳಿಸಿ. ಅಂಥ ಗಳಿಗೆಯಲ್ಲಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಜೀವಕ್ಕೆ ಅಪಾಯವಿದ್ದರೆ 911.