ಟ್ಯಾಂಕ್ ಬಂಡ್ ಎಂಬ ಕೆರೆಯ ಏರಿ

ಬಿಡುವಿನ ಸಂಜೆ ದೊರೆತಾಗ ಹೈದರಾಬಾದಿನ ಕನ್ನಡಿಗರು ಅರಸಿ ಹೋಗುವ ತಾಣಗಳಲ್ಲಿ ಟ್ಯಾಂಕ್ ಬಂಡಿಗೆ ಮೊದಲ ಸ್ಥಾನವೆಂದರೆ ತಪ್ಪಾಗದು. ದಿನವಿಡೀ ಒಲೆಯ ಮುಂದೆ ನಿಂತು ಬೆಂದವನಿಗೂ, ಕಡತಗಳ ನಡುವೆ ಕುಳಿತು ಬೆನ್ನು ಬಗ್ಗಿದವನಿಗೂ ಹುಸೇನ್ ಸಾಗರದ ಮೇಲಿಂದ ಬೀಸಿ ಬರುವ ಗಾಳಿಯಂಥ ಔಷಧ ಬೇರೊಂದಿಲ್ಲ. ಸುಟ್ಟ ಜೋಳದ ತೆನೆಯನ್ನು ಕೈಯಲ್ಲಿ ಹಿಡಿದು, ನೀರಿನ ನಡುವೆ ನಿಂತ ಬುದ್ಧನನ್ನು ನೋಡುತ್ತ ಒಂದು ಗಳಿಗೆ ಕಳೆದರೆ ವಾರದ ಆಯಾಸ ಕಳೆದಂತಾಗುತ್ತದೆ. ಟಿಕೆಟ್ಟಿಲ್ಲ, ಪ್ರವೇಶಧನವಿಲ್ಲ, ಬಡವನ ವಿಹಾರಕ್ಕೆ ಇದಕ್ಕಿಂತ ಅನುಕೂಲ ಬೇರೆಲ್ಲಿ?

ಆದರೆ ನಾವು ಅಡ್ಡಾಡುವ ಈ ಮಾರ್ಗ ಮೂಲತಃ ರಸ್ತೆಯಲ್ಲ, ಕೆರೆಯ ಏರಿ. ಒಂದು ಕಡೆಗೆ ನೀರು, ಇನ್ನೊಂದು ಕಡೆಗೆ ಆ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿ ಊರು, ಎರಡರ ನಡುವೆ ಮಣ್ಣಿನ ಒಂದು ದಂಡೆ. ಇಬ್ರಾಹೀಂ ಕುತುಬ್ ಷಹನ ಆಳ್ವಿಕೆಯಲ್ಲಿ, 1562ರ ಸುಮಾರಿಗೆ, ಹುಸೇನ್ ಷಾ ವಲಿಯವರ ಮೇಲ್ವಿಚಾರಣೆಯಲ್ಲಿ ಮೂಸಿಯ ಉಪನದಿಯೊಂದಕ್ಕೆ ಅಡ್ಡಲಾಗಿ ಇದನ್ನು ಕಟ್ಟಿದರು. ಹೈದರಾಬಾದ್ ನಗರಕ್ಕೆ ಅಡಿಗಲ್ಲು ಬಿದ್ದುದು 1591ರಲ್ಲಿ. ಸಿಕಂದರಾಬಾದ್ ಹುಟ್ಟಿದ್ದು 1806ರಲ್ಲಿ. ಅಂದರೆ ಎರಡು ನಗರಗಳನ್ನೂ ಬೆಸೆಯುವ ಈ ಏರಿ ಎರಡಕ್ಕಿಂತಲೂ ಹಿರಿಯದು. ಏರಿ ಮೊದಲು ಬಂದಿತು. ಅದರ ಅಡಿಯಲ್ಲಿ ಊರು ಆಮೇಲೆ ಬೆಳೆಯಿತು.

ಕೆಳ ಟ್ಯಾಂಕ್ ಬಂಡಿನಲ್ಲಿ ಕಟ್ಟ ಮೈಸಮ್ಮನ ಗುಡಿಯೊಂದಿದೆ. ತೆಲುಗಿನಲ್ಲಿ ಕಟ್ಟ ಎಂದರೆ ಏರಿಯೇ. ಮಣ್ಣಿನ ಏರಿಗೆ ಕಾವಲು ಬೇಕೆಂದು ಹಿರಿಯರು ಬಲ್ಲರು. ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಕೆರೆಯ ಏರಿಯ ಮೇಲೆ ಅಮ್ಮನವರ ಕಲ್ಲೊಂದು ಇರುವುದು ವಾಡಿಕೆ, ಕೋಡಿ ಬಿದ್ದ ದಿನ ಬಾಗಿನ ಕೊಡುವುದೂ ವಾಡಿಕೆ. ಇದು ಏರಿ ಎಂಬ ಸಂಗತಿ ಗುಡಿಯ ಹೆಸರಿನಲ್ಲಿ ಉಳಿದಿದೆ, ರಸ್ತೆಯ ಇಂಗ್ಲಿಷ್ ಹೆಸರಿನಲ್ಲಿಯೂ ಉಳಿದಿದೆ. ಅದರ ಮೇಲೆ ನಡೆಯುವವರ ಮನಸ್ಸಿನಲ್ಲಿ ಮಾತ್ರ ಉಳಿದಿಲ್ಲ.

ಈ ಮರೆವಿಗೆ ಅಲಂಕಾರವೂ ಒಂದು ಕಾರಣ. ಮೈಸೂರಿನ ದಿವಾನರಾಗಿ ಕನ್ನಂಬಾಡಿಯ ಅಡಿಯಲ್ಲಿ ಬೃಂದಾವನವನ್ನು ಅರಳಿಸಿದ ಸರ್ ಮಿರ್ಜಾ ಇಸ್ಮಾಯಿಲರು 1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಗಳಾಗಿ ಬಂದಾಗ ಈ ಏರಿಯ ಮೇಲಿನ ರಸ್ತೆಯನ್ನು ಅಗಲ ಮಾಡಿಸಿದರು. ಅಣೆಕಟ್ಟೆಯನ್ನು ಜನ ನೋಡಿ ಸಂತೋಷಪಡುವಂತೆ ಮಾಡುವ ಕಲೆ ಅವರಿಗೆ ಕರಗತವಾಗಿದ್ದಿತು. 1980ರ ದಶಕದಲ್ಲಿ ಎನ್. ಟಿ. ರಾಮರಾಯರ ಸರ್ಕಾರ ಅದನ್ನು ಮತ್ತೂ ಅಗಲಿಸಿ ಮಹಾಪುರುಷರ ಪ್ರತಿಮೆಗಳನ್ನು ಸಾಲಾಗಿ ನಿಲ್ಲಿಸಿತು. ಏಕಶಿಲೆಯ ಬುದ್ಧನನ್ನು 1990ರ ಮಾರ್ಚಿಯಲ್ಲಿ ದೋಣಿಯ ಮೇಲೆ ಸಾಗಿಸುವಾಗ ಅದು ಮಗುಚಿ ಹಲವರ ಪ್ರಾಣ ಹೋಯಿತು; ವಿಗ್ರಹವು ನೀರಿನಡಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಮಲಗಿದ್ದು 1992ರ ಡಿಸೆಂಬರಿನಲ್ಲಿ ಮೇಲೆ ನಿಂತಿತು. ಗಣೇಶ ವಿಸರ್ಜನೆಯ ಕಾಲದಲ್ಲಿ ಏರಿಯ ಮೇಲೆ ಕ್ರೇನುಗಳು ಸಾಲುಗಟ್ಟಿ ನಿಂತು, ಲಾರಿಗಳ ಮೇಲೆ ಲಾರಿ ಬಂದು, ಲಕ್ಷಾಂತರ ಜನ ಸೇರುವ ದೃಶ್ಯವನ್ನು ನಮ್ಮವರು ಬಲ್ಲರು. ಎತ್ತಿನ ಬಂಡಿಯ ಕಾಲದ ಏರಿ ಇಷ್ಟೆಲ್ಲವನ್ನೂ ಹೊತ್ತಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಏರಿ ನಾಳೆಯೇ ಒಡೆಯುತ್ತದೆಂದು ಗಾಬರಿ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಮಣ್ಣಿನ ಏರಿಗೆ ವಯಸ್ಸಾಗುವುದೇ ದೋಷವಲ್ಲ. ಸರಿಯಾಗಿ ನೋಡಿಕೊಂಡ ಏರಿ ವರ್ಷ ಕಳೆದಂತೆ ಕುಳಿತು ಗಟ್ಟಿಯಾಗುತ್ತದೆ. ರಸ್ತೆಗೆಂದು ಅಗಲಿಸಿದಾಗ ಏರಿಯ ಮೈಯೂ ದಪ್ಪವಾಗುತ್ತದೆ. ಏರಿಗೆ ಶತ್ರುಗಳು ಬೇರೆ. ಕೆರೆಯ ಊರುಗಳಿಂದ ಬಂದ ನಮ್ಮ ಓದುಗರಿಗೆ ಏರಿ, ತೂಬು, ಕೋಡಿ ಎಂಬ ಮೂರು ಮಾತುಗಳನ್ನು ವಿವರಿಸಬೇಕಾಗಿಲ್ಲ. ಕಲ್ಲಿನ ಕಟ್ಟೆಯ ಮೇಲೆ ನೀರು ಉಕ್ಕಿ ಹರಿದರೆ ಅದು ಬಹುಮಟ್ಟಿಗೆ ತಾಳಿಕೊಂಡೀತು. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿತೆಂದರೆ ಹಿಂಬದಿಯ ಇಳಿಜಾರಿನ ಮಣ್ಣು ಕೊಚ್ಚಿಹೋಗಿ ಗಂಟೆಗಳೊಳಗೆ ಬಿರುಕು ಬಾಗಿಲಾಗುತ್ತದೆ. ಆದ್ದರಿಂದ ಕೋಡಿ ಏರಿಯ ಪ್ರಾಣ. ಎರಡನೆಯ ಶತ್ರು ಒಳಗಿನದು: ತೂಬಿನ ಪಕ್ಕದಲ್ಲಿಯೋ, ಒಣಗಿದ ಮರದ ಬೇರಿನ ಜಾಡಿನಲ್ಲಿಯೋ, ಹೆಗ್ಗಣದ ಬಿಲದಲ್ಲಿಯೋ ನೀರು ದಾರಿ ಮಾಡಿಕೊಂಡು ಮಣ್ಣಿನ ಕಣಕಣವನ್ನು ಹೊತ್ತೊಯ್ಯುವುದು. ಏರಿಯ ಹಿಂದೆ ಜಿನುಗುವ ನೀರು ತಿಳಿಯಾಗಿದ್ದರೆ ನೀರುಗಂಟಿ ಅಷ್ಟಾಗಿ ಹೆದರುತ್ತಿರಲಿಲ್ಲ. ಕದಡಿದ್ದರೆ ಊರನ್ನೇ ಎಬ್ಬಿಸುತ್ತಿದ್ದ.

ಎರಡಕ್ಕೂ ನಿದರ್ಶನಗಳುಂಟು. ಪುಣೆಯ ಮೇಲಿನ ಪಾನ್ಶೆತ್ ಮಣ್ಣಿನ ಅಣೆಕಟ್ಟು ಕೆಲಸ ಪೂರೈಸುವ ಮುನ್ನವೇ ತುಂಬಿ, ನೀರು ಹೊರಬಿಡುವ ಕಾಲುವೆಯ ಬಳಿ ಮಣ್ಣು ಕುಸಿದು 1961ರ ಜುಲೈ 12ರಂದು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸ್ಲಾ ಕಲ್ಲುಕಟ್ಟೆಯೂ ನಿಲ್ಲಲಿಲ್ಲ. ಆದಿಲಾಬಾದ್ ಸೀಮೆಯ ಕಡೆಂ ಅಣೆಕಟ್ಟಿನಲ್ಲಿ 1958ರಲ್ಲಿ ನೀರು ಮಣ್ಣಿನ ಭಾಗದ ಮೇಲೆ ಉಕ್ಕಿ ಹರಿದು ಒಡಕುಂಟಾಯಿತು. ಅದೇ ಕಡೆಂಗೆ 2022ರ ಜುಲೈಯಲ್ಲಿ ದ್ವಾರಗಳ ಶಕ್ತಿಯನ್ನು ಮೀರಿದ ಪ್ರವಾಹ ಬಂದು, ಕೆಳಗಿನ ಹಳ್ಳಿಗಳ ಜನ ಮನೆ ಬಿಟ್ಟು ಹೊರಡಬೇಕಾಯಿತು.

ಹೈದರಾಬಾದಿಗೆ ಸಂಬಂಧಿಸಿ ಈ ಪಾಠವನ್ನು ಮೊದಲು ಲೆಕ್ಕ ಹಾಕಿ ಹೇಳಿದವರು ನಮ್ಮವರೇ ಆದ ವಿಶ್ವೇಶ್ವರಯ್ಯನವರು. 1908ರ ಸೆಪ್ಟೆಂಬರ್ 28ರ ಮೂಸಿಯ ಮಹಾಪೂರದಲ್ಲಿ ಸಾವಿರಾರು ಜನ ಸತ್ತು ಸಾವಿರಾರು ಮನೆಗಳು ನೆಲಸಮವಾದವು. ಮರುವರ್ಷ ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅವರು ನದಿಯ ದಡದಲ್ಲಿ ನಿಂತು ನದಿಯನ್ನೇ ದೂರಲಿಲ್ಲ. ಮೇಲಿನ ಕೆರೆಗಳನ್ನು ಎಣಿಸಿದರು. ಜಲಾನಯನ ಪ್ರದೇಶದ 788 ಕೆರೆಗಳಲ್ಲಿ 221 ಒಡೆದಿದ್ದವು. ಮಳೆಯ ನೀರಿನೊಂದಿಗೆ ಕೆರೆಗಳ ನೀರೂ ಸೇರಿ ಬಂದಿದ್ದಿತು. ಮೇಲಿನ ಕೆರೆ ಒಡೆದರೆ ಅದರ ನೀರನ್ನು ಕೆಳಗಿನ ಕೆರೆ ತಾಳಲಾರದು. ಅದೂ ಒಡೆದರೆ ಮತ್ತೊಂದು. ಅವರ ಸಲಹೆಯಿಂದ ಮುಂದೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಮೂಸಿಯ ಪೂರವನ್ನು ಮೇಲೆಯೇ ತಡೆಹಿಡಿಯಲು ಸಿದ್ಧವಾದವು.

ಆ ಪಾಠ ಹಳತಾಯಿತೆನ್ನುವಂತಿಲ್ಲ. 2020ರ ಅಕ್ಟೋಬರ್ 13ರಂದು ಬೇಗಂಪೇಟೆಯಲ್ಲಿ ಒಂದೇ ದಿನ 19 ಸೆಂಟಿಮೀಟರ್ ಮಳೆ ಸುರಿಯಿತು. ಆ ವಾರದಲ್ಲಿ ಪಲ್ಲೆ ಚೆರುವು, ಬಾಲಾಪುರದ ಗುರ್ರಂ ಚೆರುವು ಎಂಬ ಕೆರೆಗಳ ಏರಿಗಳು ಒಡೆದು ಹಳೆಯ ನಗರದ ಅಂಚಿನ ಬಡಾವಣೆಗಳಿಗೆ ನೀರು ನುಗ್ಗಿತು. ಅವು ಯಾರೂ ಸಂಜೆಯ ವಿಹಾರಕ್ಕೆ ಹೋಗದ ಕೆರೆಗಳು. ಅಣೆಕಟ್ಟುಗಳ ಸುರಕ್ಷತೆಗೆ 2021ರಲ್ಲಿ ಕೇಂದ್ರ ಶಾಸನವೊಂದು ಬಂದಿದೆ. ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದವಕ್ಕೆ, ಮತ್ತು 10ರಿಂದ 15 ಮೀಟರಿನೊಳಗೆ ಕೆಲವಕ್ಕೆ ಮಾತ್ರ. ನಮ್ಮ ದೇಶದ ಸಾಮಾನ್ಯ ಕೆರೆಯ ಏರಿ ಅದರ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಹುಸೇನ್ ಸಾಗರದ ಮಾತು. ಇದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 513.41 ಮೀಟರು. ಕೂಕಟಪಲ್ಲಿ, ಬಂಜಾರಾ, ಪಿಕೆಟ್, ಬಲ್ಕಾಪುರ ನಾಲಾಗಳಿಂದ ನೀರು ಬಂದು ಆ ಮಟ್ಟವನ್ನು ಮೀರಿದರೆ ಹೆಚ್ಚಿನದನ್ನು ಹೊರಬಿಡಲೇಬೇಕು. ಬಿಡದಿದ್ದರೆ ಏರಿಗೆ ಅಪಾಯ. ಬಿಟ್ಟ ನೀರು ಹೋಗುವುದೆಲ್ಲಿಗೆ? ಅಶೋಕನಗರ, ನಲ್ಲಕುಂಟ, ಗೋಲ್ನಾಕ, ಅಂಬರಪೇಟೆಗಳ ಮೂಲಕ ಮೂಸಿಯನ್ನು ಸೇರುವ ಕೋಡಿಹಳ್ಳಕ್ಕೆ. ಇದನ್ನು ಇಲ್ಲಿ ನಾಲಾ ಎನ್ನುತ್ತಾರೆ. ಕಸವನ್ನೂ ಕೊಳಚೆಯನ್ನೂ ಹೊತ್ತು ಹರಿಯುವುದರಿಂದ ಅದು ಕೆರೆಯ ಅಂಗವೆಂದು ಯಾರಿಗೂ ತೋರುವುದಿಲ್ಲ. ಹಳ್ಳದ ಎರಡು ದಡಗಳಲ್ಲಿ ಮನೆಗಳೆದ್ದು ಅದರ ಮೈ ಕಿರಿದಾಗಿದೆ. 2000ದ ಆಗಸ್ಟ್ 24ರಂದು 24 ಸೆಂಟಿಮೀಟರ್ ಮಳೆಯಾದಾಗ ಏರಿ ಉಳಿಯಿತು. ಕೆಳಗಿನ ಅಶೋಕನಗರ, ದೋಮಲಗುಡ ಮೊದಲಾದ ಬಡಾವಣೆಗಳು ಮುಳುಗಿದವು. ಪಾತ್ರೆ ತೊಳೆಯುವ ಕಡೆಯ ಮೋರಿ ಕಟ್ಟಿಕೊಂಡರೆ ನಲ್ಲಿ ಎಷ್ಟು ಭದ್ರವಾಗಿದ್ದರೇನು, ಅಡಿಗೆಮನೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ತಪ್ಪೀತೇ?

ಆದ್ದರಿಂದ ಟ್ಯಾಂಕ್ ಬಂಡಿನ ಕ್ಷೇಮವನ್ನು ಅಧಿಕಾರಿಗಳು ಏರಿಯ ಮೇಲೆ ಮಾತ್ರ ಅಳೆಯುವುದು ಸಾಲದೆಂದು ನಮ್ಮ ಅಭಿಪ್ರಾಯ. ಏರಿಯ ಮೇಲಿನ ದೀಪ, ಕಾರಂಜಿ, ಕಲ್ಲುಹಾಸುಗಳಿಗೆ ಹಣ ಒದಗುವುದು ಸುಲಭ, ಏಕೆಂದರೆ ಅವು ಕಾಣುತ್ತವೆ. ತೂಬಿನ ಬಾಗಿಲಿಗೆ ಎಣ್ಣೆ ಹಾಕುವುದು, ಹಿಂಬದಿಯ ಇಳಿಜಾರಿನ ಗಿಡಗಂಟಿಗಳನ್ನು ಸವರುವುದು, ಮಳೆಗಾಲಕ್ಕೆ ಮುನ್ನ ಅಂಬರಪೇಟೆಯವರೆಗೂ ನಾಲಾದ ಹೂಳೆತ್ತುವುದು, ಇವು ಯಾರ ಫೋಟೋದಲ್ಲಿಯೂ ಬರುವುದಿಲ್ಲ. ನೀರು ಬಿಡುವ ಮುನ್ನ ತಗ್ಗಿನ ಜನರಿಗೆ ತಿಳಿಸುವ ಪದ್ಧತಿ ತೆಲುಗು, ಉರ್ದುಗಳಲ್ಲಿ ಮಾತ್ರವಲ್ಲದೆ ಹೊರಗಿನಿಂದ ಬಂದು ದುಡಿಯುವವರಿಗೂ ಅರ್ಥವಾಗುವ ರೀತಿಯಲ್ಲಿ ಇರಬೇಕು. ರಾತ್ರಿ ಹನ್ನೊಂದಕ್ಕೆ ಷಟರ್ ಎಳೆದು, ದಣಿದು ಮಲಗಿದ ಹುಡುಗನಿಗೆ ಬೀದಿಯ ಕೂಗು ಕೇಳಿಸಿದರೂ ಅದರ ತಾತ್ಪರ್ಯ ತಿಳಿಯಬೇಕಷ್ಟೆ.

ನಮ್ಮ ಕೈಯಲ್ಲಿಯೇ ಇರುವ ಕೆಲಸವೂ ಒಂದುಂಟು, ಮತ್ತು ಅದು ಮುಖ್ಯವಾಗಿ ಹೋಟೆಲ್ ಮಾಲೀಕರಿಗೆ ಸೇರಿದ್ದು. ತಗ್ಗಿನ ಬಡಾವಣೆಗಳಲ್ಲಿ ಬಾಡಿಗೆ ಅಗ್ಗವೆಂದು ಕೆಲಸಗಾರರಿಗೆ ನೆಲಮಟ್ಟದ ಕೋಣೆಗಳನ್ನೂ, ಕೆಲವೆಡೆ ಇಲ್ಲಿಯವರು ಸೆಲ್ಲಾರ್ ಎನ್ನುವ ನೆಲಮಾಳಿಗೆಗಳನ್ನೂ ಮಲಗಲು ಕೊಡುವುದುಂಟು. ನಾಲಾ ಉಕ್ಕಿದಾಗ ನೀರು ಮೊದಲು ಇಳಿಯುವುದು ಅಲ್ಲಿಗೇ. ಮೆಟ್ಟಿಲ ಬಾಗಿಲಿನ ಹೊರಗೆ ನೀರು ನಿಂತರೆ ಒಳಗಿನಿಂದ ಅದನ್ನು ತೆರೆಯುವುದೂ ಕಷ್ಟ. ಅಕ್ಕಿ, ಸಕ್ಕರೆಯ ಚೀಲಗಳನ್ನು ಮಳೆಗಾಲದಲ್ಲಿ ಅಟ್ಟಕ್ಕೆ ಏರಿಸುವ ಎಚ್ಚರ ಎಲ್ಲ ಮಾಲೀಕರಿಗೂ ಇದೆ. 1908ರ ಪೂರ ಬಂದದ್ದು ಸೆಪ್ಟೆಂಬರಿನಲ್ಲಿ, 2000ದ್ದು ಆಗಸ್ಟಿನಲ್ಲಿ, 2020ರದ್ದು ಅಕ್ಟೋಬರಿನಲ್ಲಿ. ಶ್ರಾವಣದಿಂದ ದೀಪಾವಳಿಯವರೆಗೆ ಹುಡುಗರ ಹಾಸಿಗೆಗಳೂ ಮೇಲಂತಸ್ತಿಗೆ ಹೋಗತಕ್ಕದ್ದು.